ಗಟ್ಟಿಯಾಗಿ ಓದಿದ ಮೇಲೆ

ಈ ವಾಕ್ಯವನ್ನು ಒಮ್ಮೆ ಜೋರಾಗಿ ಓದಿ: 'ಡುಂಬಳನು ಮಿರಸಿನಲ್ಲಿ ಝಣುಕನ್ನು ಲಡುಪಿದನು.' ಈಗ ಹೇಳಿ, ಡುಂಬಳನು ಝಣುಕನ್ನು ಎಲ್ಲಿ ಲಡುಪಿದನು? ಮಿರಸಿನಲ್ಲಿ! ಉತ್ತರ ಸರಿ, ಪೂರ್ತಿ ಅಂಕ. ಆದರೆ ಆ ನಾಲ್ಕೂ ಪದಗಳನ್ನು ನಾನು ಸುಮ್ಮನೆ ಕಟ್ಟಿದ್ದು, ಯಾವುದಕ್ಕೂ ಅರ್ಥವಿಲ್ಲ. ಬರೀ ವಿಭಕ್ತಿ ಪ್ರತ್ಯಯಗಳನ್ನು ಹಿಡಿದುಕೊಂಡು ನೀವು ಪಾಸಾದಿರಿ. ಎಷ್ಟೋ ಮಕ್ಕಳು ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರಿಸುವುದೂ ಹೀಗೆಯೇ.

ಕನ್ನಡ ಬಹುಮಟ್ಟಿಗೆ ಬರೆದಂತೆಯೇ ಓದುವ ಭಾಷೆ. ಕಾಗುಣಿತ, ಒತ್ತಕ್ಷರ ಕೈವಶವಾದರೆ ಗೊತ್ತಿಲ್ಲದ ಪದವನ್ನೂ ತಪ್ಪಿಲ್ಲದೆ ಉಚ್ಚರಿಸಬಹುದು. ಹಾಗಾಗಿ ಸರಾಗವಾದ ಓದು ಕೇಳಿ 'ಅರ್ಥವಾಗಿದೆ' ಎಂದು ನಾವು ನಂಬಿಬಿಡುವುದು ಸುಲಭ.

ಹಾಗೆಂದು ಸರಾಗ ಓದು ಬೇಡವೆಂದಲ್ಲ. ಅಕ್ಷರಕ್ಕೆ ಅಕ್ಷರ ಕೂಡಿಸುವ ಮಗುವಿನ ಗಮನವೆಲ್ಲ ಅಲ್ಲೇ ಖರ್ಚಾಗುತ್ತದೆ. ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಭಾಗ ಮರೆತಿರುತ್ತದೆ. 1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಇದನ್ನು ಸರಳ ಸೂತ್ರವಾಗಿಸಿದರು: ಓದಿ ಅರಿಯುವುದು ಎಂದರೆ ಲಿಪಿ ಬಿಡಿಸುವ ಶಕ್ತಿ ಗುಣಿಸು ಭಾಷೆ ತಿಳಿಯುವ ಶಕ್ತಿ. ಕೂಡುವುದಲ್ಲ, ಗುಣಿಸುವುದು. ಯಾವುದೇ ಒಂದು ಸೊನ್ನೆಯಾದರೂ ಉತ್ತರ ಸೊನ್ನೆಯೇ.

ಹೊರನಾಡಿನ ನಮ್ಮ ಮಕ್ಕಳಲ್ಲಿ ಎರಡೂ ಬಗೆಯವರಿದ್ದಾರೆ. ಅಜ್ಜಿಯ ಕಥೆಗೆ ಬಿದ್ದು ಬಿದ್ದು ನಗುವ, ಆದರೆ ಕನ್ನಡ ಅಕ್ಷರ ಬಾರದ ಮಗು ಒಂದು. ಭಾನುವಾರದ ಕನ್ನಡ ತರಗತಿಯಲ್ಲಿ ಲಿಪಿ ಕಲಿತು ಪಟಪಟನೆ ಓದುವ, ಆದರೆ 'ಜಗಲಿ', 'ಕಣಜ' ಎಂದರೇನೆಂದು ತಿಳಿಯದ ಮಗು ಇನ್ನೊಂದು. ಮೊದಲನೆಯದಕ್ಕೆ ಕಾಗುಣಿತ ಬೇಕು, ಎರಡನೆಯದಕ್ಕೆ ಮಾತು ಬೇಕು. ಇಬ್ಬರಿಗೂ ಒಂದೇ ಔಷಧ ಕೊಟ್ಟರೆ ಹತ್ತುವುದಿಲ್ಲ.

ತಡವರಿಸುವ ಮಗು ಹೇಗೂ ಎಲ್ಲರ ಕಣ್ಣಿಗೆ ಬೀಳುತ್ತದೆ, ಯಾರಾದರೂ ನೆರವಾಗುತ್ತಾರೆ. ಸರಾಗವಾಗಿ ಓದುವ ಮಗುವನ್ನು ಯಾರೂ ಅನುಮಾನಿಸುವುದಿಲ್ಲ. ಮುಂದಿನ ತರಗತಿಗಳಲ್ಲಿ ವಿಜ್ಞಾನದ ಪಾಠ, ಗಣಿತದ ವಾಕ್ಯರೂಪದ ಲೆಕ್ಕ ಎದುರಾದಾಗ ಅದು ಇದ್ದಕ್ಕಿದ್ದಂತೆ 'ದಡ್ಡ' ಎನಿಸಿಕೊಳ್ಳುತ್ತದೆ. 2021ರಲ್ಲಿ ಆರಂಭವಾದ ಕೇಂದ್ರದ 'ನಿಪುಣ್ ಭಾರತ್' ಯೋಜನೆಯ ಪೂರ್ಣ ಹೆಸರಿನಲ್ಲೇ 'ಅರ್ಥೈಸಿಕೊಂಡು ಓದುವುದು' ಸೇರಿದೆ. ಅದು ಮನೆಯೊಳಗೂ ಬರಬೇಕು.

ಇದಕ್ಕೆ ಆ್ಯಪ್ ಬೇಡ. ಮಗು ಒಂದು ಪುಟ ಓದಿದ ಮೇಲೆ ಪುಸ್ತಕ ಮುಚ್ಚಿಸಿ. 'ಏನಾಯ್ತು, ನಿನ್ನ ಮಾತಲ್ಲಿ ಹೇಳು' ಎನ್ನಿ. 'ಅವನು ಯಾಕೆ ಹಾಗೆ ಮಾಡಿದ?' ಎಂದು ಕೇಳಿ. ಉತ್ತರ ಮರಾಠಿಯಲ್ಲೋ ಹಿಂದಿಯಲ್ಲೋ ಬಂದರೂ ಚಿಂತೆಯಿಲ್ಲ. ಅರ್ಥ ದಕ್ಕಿದೆ ಎಂದಾಯಿತು. ಅದಕ್ಕೆ ಕನ್ನಡದ ಪದಗಳನ್ನು ನೀವು ಜೋಡಿಸಿಕೊಡಿ. ದಿನಕ್ಕೆ ಐದೇ ನಿಮಿಷ ಸಾಕು.