ಬೀಗ ಯಾರದು, ಕೀಲಿಕೈ ಯಾರ ಬಳಿ?

ಜೂನ್ ತಿಂಗಳು ಬಂತೆಂದರೆ ಹುಮನಾಬಾದಿನ ಆನ್‌ಲೈನ್ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಾಲೇಜು ಪ್ರವೇಶ, ವಿದ್ಯಾರ್ಥಿವೇತನ, ಹಾಸ್ಟೆಲ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಎಲ್ಲ ಅರ್ಜಿಗೂ ಅದೇ ಬಾಗಿಲು. ಹಳ್ಳಿಯಿಂದ ಬಂದ ತಂದೆ ಮಗಳ ಅಂಕಪಟ್ಟಿ ಹಿಡಿದು ಹೊರಗೆ ನಿಂತಿರುತ್ತಾರೆ. ಕಂಪ್ಯೂಟರ್ ಮುಂದಿನ ಹುಡುಗ ಒಳಗಿನಿಂದ ಕೂಗುತ್ತಾನೆ: ‘ಕಾಕಾ, ಓಟಿಪಿ ಬಂದದ ನೋಡ್ರಿ, ಹೇಳ್ರಿ.’ ಕಾಕಾ ಮೊಬೈಲನ್ನೇ ಅವನ ಕೈಗೆ ಕೊಟ್ಟುಬಿಡುತ್ತಾರೆ.

ಹುಡುಗ ಕಳ್ಳನಲ್ಲ. ಅರ್ಜಿ ತುಂಬುತ್ತಾನೆ, ಪ್ರಿಂಟ್ ಕೊಡುತ್ತಾನೆ, ಮೊಬೈಲ್ ಮರಳಿಸುತ್ತಾನೆ. ಆದರೆ ಇದೇ ತಂದೆ ಮನೆಯ ತಿಜೋರಿಯ ಕೀಲಿಕೈಯನ್ನು ಬೇರೆಯವರ ಕೈಗೆ ಒಂದು ನಿಮಿಷವೂ ಕೊಡುವವರಲ್ಲ! ತಿಜೋರಿಗೆ ಒಂದು ನ್ಯಾಯ, ಮೊಬೈಲಿಗೆ ಇನ್ನೊಂದು ನ್ಯಾಯ ಏಕೆ? ಕಬ್ಬಿಣದ ಕೀಲಿಕೈ ಕಣ್ಣಿಗೆ ಕಾಣುತ್ತದೆ. ಆರು ಅಂಕಿಯ ಕೀಲಿಕೈ ಕಾಣುವುದಿಲ್ಲ. ಕಾರಣ ಇಷ್ಟೇ.

ಇಂಟರ್‌ನೆಟ್ ಎಂಬ ಈ ದೊಡ್ಡ ಮನೆಗೆ ಮೂರು ಬಗೆಯ ಬೀಗಗಳಿವೆ. ಸರ್ಕಾರ ಹಾಕುವುದು ಒಂದು, ಕಂಪನಿಗಳು ಪೇಟೆಂಟ್ ಹೆಸರಿನಲ್ಲಿ ಹಾಕುವುದು ಇನ್ನೊಂದು, ಬಳಸುವವರು ತಾವೇ ಹಾಕಿಕೊಳ್ಳಬೇಕಾದದ್ದು ಮೂರನೆಯದು. ಮೊದಲ ಎರಡರ ಬಗ್ಗೆ ಕಾಲೇಜು ಹುಡುಗರು ಗಂಟೆಗಟ್ಟಲೆ ವಾದಿಸುತ್ತಾರೆ. ಮೂರನೆಯದು ತೆರೆದೇ ಇರುತ್ತದೆ.

ಈ ಬೀಗ ಕೆಲಸ ಮಾಡುವುದಾದರೂ ಹೇಗೆ? ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಹೋದವರು ಕಾಣಿಕೆ ಹುಂಡಿಯನ್ನು ನೆನಪಿಸಿಕೊಳ್ಳಲಿ. ಹುಂಡಿಗೆ ಯಾರು ಬೇಕಾದರೂ ಹಣ ಹಾಕಬಹುದು. ಹಾಕಿದವರೇ ಮರಳಿ ತೆಗೆಯುತ್ತೇನೆಂದರೆ ಬರುವುದಿಲ್ಲ. ಕೀಲಿಕೈ ಇದ್ದವರು ಮಾತ್ರ ತೆರೆಯಬಲ್ಲರು. ಬ್ಯಾಂಕಿನ ವೆಬ್‌ಸೈಟಿಗೆ ಗುಟ್ಟಿನ ಮಾಹಿತಿ ತಲುಪುವುದು ಇದೇ ತತ್ವದ ಮೇಲೆ. ಒಳಗೆ ಹಾಕುವ ಸಂಖ್ಯೆ ಲೋಕಕ್ಕೆಲ್ಲ ಗೊತ್ತು, ತೆರೆಯುವ ಸಂಖ್ಯೆ ಬ್ಯಾಂಕಿಗಷ್ಟೇ ಗೊತ್ತು.

ಇದರ ಹಿಂದಿನ ಗಣಿತ ಎಸ್ಸೆಸ್ಸೆಲ್ಸಿ ಮಕ್ಕಳಿಗೂ ಅರ್ಥವಾಗುವಂಥದ್ದು. 47 ಮತ್ತು 59 ಎಂಬ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ 2773. ಗುಣಿಸುವುದು ಸುಲಭ. ಬರೀ 2773 ಕೊಟ್ಟು ‘ಯಾವ ಎರಡರ ಗುಣಲಬ್ಧ?’ ಎಂದು ಕೇಳಿದರೆ ತಲೆ ಕೆರೆದುಕೊಳ್ಳಬೇಕು. ಸಂಖ್ಯೆಯಲ್ಲಿ ನೂರಾರು ಅಂಕಿಗಳಿದ್ದರೆ ಕಂಪ್ಯೂಟರೂ ಸೋಲುತ್ತದೆ.

1977ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಕಂಡುಹಿಡಿದ ವಿಧಾನವಿದು. ಮೂವರ ಹೆಸರಿನ ಮೊದಲ ಅಕ್ಷರಗಳಿಂದ ಅದಕ್ಕೆ ಆರ್‌ಎಸ್‌ಎ ಎಂಬ ಹೆಸರು. ಅದೇ ವರ್ಷ ಆಗಸ್ಟ್‌ನಲ್ಲಿ ಮಾರ್ಟಿನ್ ಗಾರ್ಡನರ್ ತಮ್ಮ ಪತ್ರಿಕಾ ಅಂಕಣದಲ್ಲಿ ಇದನ್ನು ಬರೆದರು. ಪೇಟೆಂಟ್ ಅರ್ಜಿ ಸಲ್ಲಿಕೆಯಾದದ್ದು ಆಮೇಲೆ. ಹಾಗಾಗಿ 1983ರಲ್ಲಿ ಸಿಕ್ಕ ಪೇಟೆಂಟ್ ಅಮೆರಿಕದೊಳಗೆ ಮಾತ್ರ ನಡೆಯಿತು. 2000ದ ಸೆಪ್ಟೆಂಬರಿನಲ್ಲಿ ಅದರ ಅವಧಿ ಮುಗಿಯುವವರೆಗೂ, ಅಮೆರಿಕದಲ್ಲಿ ಈ ಬೀಗ ಮಾಡುವವರು ಕಂಪನಿಯ ಅನುಮತಿ ಪಡೆಯಬೇಕಿತ್ತು.

ಅಷ್ಟರಲ್ಲಿ ಇನ್ನೊಂದು ತಂಟೆ. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಎಂಬಾತ ಸಾಮಾನ್ಯರ ಪತ್ರಗಳಿಗೂ ಇಂಥ ಬೀಗವಿರಲೆಂದು ಪಿಜಿಪಿ ಎಂಬ ಪ್ರೋಗ್ರಾಂ ಬರೆದು ಪುಕ್ಕಟೆ ಹಂಚಿಬಿಟ್ಟ. ಪೇಟೆಂಟ್ ಇದ್ದ ಕಂಪನಿ ಒಂದು ಕಡೆಯಿಂದ ತಕರಾರು ತೆಗೆಯಿತು. ಇನ್ನೊಂದು ಕಡೆ ಸರ್ಕಾರವೇ ತನಿಖೆಗೆ ಇಳಿಯಿತು. ಗಟ್ಟಿ ಗುಪ್ತಲಿಪಿಯನ್ನು ಆಗ ಅಮೆರಿಕ ಯುದ್ಧಸಾಮಗ್ರಿ ಎಂದು ಎಣಿಸುತ್ತಿತ್ತು. ಪರವಾನಗಿ ಇಲ್ಲದೆ ದೇಶದ ಹೊರಗೆ ಕಳಿಸುವಂತಿರಲಿಲ್ಲ! 1995ರಲ್ಲಿ ಎಂಐಟಿ ಮುದ್ರಣಾಲಯ ಇಡೀ ಪ್ರೋಗ್ರಾಮನ್ನು ಪುಸ್ತಕವಾಗಿಯೇ ಅಚ್ಚು ಹಾಕಿತು. ಪುಸ್ತಕ ಸಾಗಿಸುವುದಕ್ಕೆ ಆ ತಡೆ ಇರಲಿಲ್ಲ. 1996ರ ಜನವರಿಯಲ್ಲಿ ಮೊಕದ್ದಮೆ ಹೂಡದೆಯೇ ತನಿಖೆಯನ್ನು ಕೈಬಿಡಲಾಯಿತು. ಸರ್ಕಾರದ ಹಿಡಿತ, ಪೇಟೆಂಟ್, ಜನರ ಸುರಕ್ಷತೆ ಒಂದೇ ಹಗ್ಗದ ಮೂರು ಎಳೆಗಳು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಆಸ್ತಿ ಯಾರದು ಎಂಬ ಪ್ರಶ್ನೆ ಬಸವಕಲ್ಯಾಣಕ್ಕೆ ಹೊಸದಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಶತಮಾನಗಳ ಕಾಲ ಅದು ಆಧಾರವಾಯಿತು. ಹೊಲ, ಮನೆಯನ್ನು ಪಾಲು ಮಾಡಬಹುದು. ಲೆಕ್ಕ ಮಾಡುವ ಉಪಾಯವನ್ನು ಒಬ್ಬರ ಆಸ್ತಿ ಮಾಡಬಹುದೇ?

ಭಾರತದ ಕಾನೂನು ಇದಕ್ಕೆ ಎಚ್ಚರಿಕೆಯ ಉತ್ತರ ಕೊಟ್ಟಿದೆ. ಗಣಿತದ ವಿಧಾನ, ಅಲ್ಗಾರಿದಂ, ಬರೀ ಕಂಪ್ಯೂಟರ್ ಪ್ರೋಗ್ರಾಂ, ಇವುಗಳಿಗೆ ಪೇಟೆಂಟ್ ಇಲ್ಲ ಎನ್ನುತ್ತದೆ ಪೇಟೆಂಟ್ ಕಾಯ್ದೆಯ 3(ಕೆ) ವಿಧಿ. 2004ರ ಡಿಸೆಂಬರಿನ ಸುಗ್ರೀವಾಜ್ಞೆ ಇದನ್ನು ಸಡಿಲಿಸಲು ಹೊರಟಿತ್ತು. 2005ರಲ್ಲಿ ಸಂಸತ್ತು ಆ ಮಾತನ್ನು ಒಪ್ಪಲಿಲ್ಲ. ಔಷಧಗಳಿಗೆ ಉತ್ಪನ್ನ ಪೇಟೆಂಟ್ ಮತ್ತೆ ಬಂದದ್ದು ಅದೇ 2005ರ ತಿದ್ದುಪಡಿಯಿಂದ. ಹುಮನಾಬಾದ್ ಕೈಗಾರಿಕಾ ಪ್ರದೇಶದ ಔಷಧ ಘಟಕಗಳಲ್ಲಿ ದುಡಿಯುವವರಿಗೆ ಇದರ ಬಿಸಿ ಗೊತ್ತು. ಆದರೆ ಅವರ ಮಕ್ಕಳು ಕಂಪ್ಯೂಟರ್ ಕಲಿತು ಆರ್‌ಎಸ್‌ಎಯಂಥ ಲೆಕ್ಕವನ್ನು ತಮ್ಮ ಪ್ರೋಗ್ರಾಮಿನಲ್ಲಿ ಬಳಸಲು ಇಂದು ಯಾರ ಅನುಮತಿಯೂ ಬೇಡ. ಇದು ಸಣ್ಣ ಮಾತಲ್ಲ.

ಇನ್ನು ಸರ್ಕಾರದ ಬೀಗ. ಗಲಾಟೆಯಾದಲ್ಲಿ, ಕೆಲವು ರಾಜ್ಯಗಳಲ್ಲಿ ಪರೀಕ್ಷೆ ನಡೆದಲ್ಲಿ ಕೂಡ, ಇಂಟರ್‌ನೆಟ್ ನಿಲ್ಲಿಸಿಬಿಡುವುದು ದೇಶದಲ್ಲಿ ರೂಢಿಯಾಗಿದೆ. ‘ಅರ್ಜಿಯ ಕೊನೆಯ ದಿನವೇ ನೆಟ್ ಇಲ್ಲದಿದ್ದರೆ ಗತಿ ಏನು?’ ಎಂಬುದು ವಿದ್ಯಾರ್ಥಿಗಳ ಪ್ರಶ್ನೆ. ‘ಸುಳ್ಳು ಸುದ್ದಿ ಹಬ್ಬಿ ಜೀವ ಹೋದರೆ?’ ಎಂಬುದು ಪಾಲಕರ ಪ್ರಶ್ನೆ. ಬೀದರ್ ಜಿಲ್ಲೆಯವರು ಎರಡನೆಯದನ್ನು ತಳ್ಳಿಹಾಕುವಂತಿಲ್ಲ. 2018ರ ಜುಲೈ 13ರಂದು ಹೈದರಾಬಾದಿನ 32 ವರ್ಷದ ಎಂಜಿನಿಯರ್ ಒಬ್ಬ ಗೆಳೆಯರೊಂದಿಗೆ ಈ ಜಿಲ್ಲೆಗೆ ಬಂದಿದ್ದ. ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ನೆಪವಾಯಿತು. ‘ಮಕ್ಕಳ ಕಳ್ಳರು’ ಎಂಬ ಸುದ್ದಿ ವಾಟ್ಸ್ಆ್ಯಪಿನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಆಗಿನ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಅಡ್ಡಗಟ್ಟಿದ ಗುಂಪು ಅವನನ್ನು ಹೊಡೆದು ಕೊಂದಿತು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು.

ಅದೇ ತಿಂಗಳು ವಾಟ್ಸ್ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐವರಿಗಿಂತ ಹೆಚ್ಚು ಜನರಿಗೆ ಅಥವಾ ಗುಂಪುಗಳಿಗೆ ದಾಟಿಸದಂತೆ ಮಿತಿ ಹಾಕಿತು. ಇತ್ತ 2020ರ ಜನವರಿ 10ರಂದು ಸುಪ್ರೀಂ ಕೋರ್ಟ್, ಇಂಟರ್‌ನೆಟ್ಟನ್ನು ಅನಿರ್ದಿಷ್ಟ ಕಾಲ ಮುಚ್ಚುವಂತಿಲ್ಲ, ಮುಚ್ಚುವ ಆದೇಶವನ್ನು ಪ್ರಕಟಿಸಲೇಬೇಕು ಎಂದಿತು. ಬೀಗ ಹಾಕುವುದಾದರೆ ಕಾರಣ ಹೇಳಿ ಹಾಕಿ ಎಂಬುದು ತೀರ್ಪಿನ ತಿರುಳು. ಆದರೆ ಕಂಪನಿಯ ಮಿತಿಯಾಗಲಿ ಕೋರ್ಟಿನ ತೀರ್ಪಾಗಲಿ, ಬಂದದ್ದನ್ನು ಓದದೆ ಮುಂದಕ್ಕೆ ಕಳಿಸುವ ಬೆರಳನ್ನು ಹಿಡಿದು ನಿಲ್ಲಿಸಲಾರವು.

ಬೆರಳು ಎಂದಾಗ ಹೆಬ್ಬೆಟ್ಟಿನ ಮಾತು ಬರಲೇಬೇಕು. ಹೆಬ್ಬೆಟ್ಟು ಎಂದರೆ ಓದುಬರಹ ಬಾರದವರು ಎಂಬ ಕಾಲವಿತ್ತು. ಈಗ ಡಾಕ್ಟರು, ಪ್ರೊಫೆಸರು ಎಲ್ಲರೂ ಹೆಬ್ಬೆಟ್ಟೇ! 2023ರಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಬ್ಯಾಂಕ್ ಖಾತೆಯಿಂದ ಇದ್ದಕ್ಕಿದ್ದಂತೆ ಹಣ ಮಾಯವಾಯಿತು. ಯಾರೂ ಓಟಿಪಿ ಕೊಟ್ಟಿರಲಿಲ್ಲ. ನೋಂದಣಿ ಪತ್ರದ ಪ್ರತಿಯಲ್ಲಿದ್ದ ಬೆರಳಚ್ಚನ್ನೇ ಕಳ್ಳರು ನಕಲು ಮಾಡಿದ್ದರು. ಆಧಾರ್ ಮೂಲಕ ಹಣ ಪಡೆಯುವ ವ್ಯವಸ್ಥೆಗೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಸಾಕಿತ್ತು. ಆ ಬಳಿಕ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಲು ಸರ್ಕಾರ ಕ್ರಮ ಕೈಗೊಂಡಿತು. ಪಾಸ್‌ವರ್ಡ್ ಕಳವಾದರೆ ಬದಲಿಸಬಹುದು. ಹೆಬ್ಬೆಟ್ಟು ಕಳವಾದರೆ?

ಅದಕ್ಕೂ ಬೀಗವಿದೆ. ಆಧಾರ್ ಪ್ರಾಧಿಕಾರದ ವೆಬ್‌ಸೈಟ್ ಅಥವಾ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಕೊಳ್ಳಬಹುದು. ಪಡಿತರಕ್ಕೆ ಬೆರಳು ಒತ್ತಬೇಕಾದ ದಿನ ಬಿಚ್ಚಿ, ಮತ್ತೆ ಹಾಕಬೇಕು. ಹಳ್ಳಿಯ ಅಜ್ಜಿಗೆ ಇದು ಕಷ್ಟವೇ. ಓದುವ ಮೊಮ್ಮಗ ಮಾಡಿಕೊಡಬೇಕು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಗ್ರಾಹಕರದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋದರೆ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟ ಹೊರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲೇ ಹೇಳಿತ್ತು. ಓಟಿಪಿಯನ್ನು ತಾವೇ ಕೊಟ್ಟಿದ್ದರೆ ಮಾತ್ರ, ತಿಳಿಸುವವರೆಗಿನ ನಷ್ಟ ಗ್ರಾಹಕರದೇ.

ಸಾಮಾನ್ಯರು ಸರ್ಕಾರವನ್ನು ಪ್ರಶ್ನಿಸಿ ಏನಾದೀತು ಎನ್ನುವವರು ಕೆ.ಎಸ್. ಪುಟ್ಟಸ್ವಾಮಿಯವರನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ಈ ನಿವೃತ್ತ ನ್ಯಾಯಮೂರ್ತಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ವಯಸ್ಸು 86. ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಆಧಾರ್ ಉಳಿಯಿತು, ಆದರೆ ಕೇಳುವ ಹಕ್ಕೂ ಉಳಿಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಭಂಡಾರದ ಕೀಲಿಕೈ ಹಿಡಿದವರ ಮೇಲೆ ದೂರು ಬಂತು, ಲೆಕ್ಕ ನೋಡಿದರೆ ಒಂದು ಕಾಸೂ ಕಡಿಮೆ ಇರಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ಆ ಕಥೆಯಲ್ಲಿ ಎರಡು ಪಾಠಗಳಿವೆ: ಕೀಲಿಕೈ ಹಿಡಿದವರು ಲೆಕ್ಕ ಕೊಡಬೇಕು, ಲೆಕ್ಕ ಕೇಳುವುದು ತಪ್ಪಲ್ಲ. ಸರ್ಕಾರಕ್ಕೂ ಕಂಪನಿಗೂ ಸಲ್ಲುವ ಈ ಮಾತು ಹುಮನಾಬಾದಿನ ಆನ್‌ಲೈನ್ ಅಂಗಡಿಗೂ ಸಲ್ಲುತ್ತದೆ. ಮುಂದಿನ ಸಲ ‘ಓಟಿಪಿ ಹೇಳ್ರಿ’ ಎಂದಾಗ ಜೊತೆಯಲ್ಲಿರುವ ಮಗಳು ‘ಯಾತಕ್ಕ ಬೇಕ್ರಿ ಅಣ್ಣಾ?’ ಎಂದು ಕೇಳಲಿ. ಉತ್ತರ ಕೇಳಿ, ಸಂದೇಶ ಓದಿ, ತಾನೇ ಒತ್ತಲಿ. ಅಪ್ಪನ ಮೊಬೈಲ್ ಅಪ್ಪನ ಕಿಸೆಯಲ್ಲೇ ಇರಲಿ.