ಕಂಪ್ಯೂಟರ್ ಹೊಸದಾದರೆ ಸಿಎನ್‌ಸಿ ಯಂತ್ರ ತಪ್ಪು ಮಾಡುವುದಿಲ್ಲವೇ?

"ಈ ಮದರ್‌ಬೋರ್ಡ್ ತಗೊಳ್ಳಿ, ಲೇಟೆನ್ಸಿ ಬರೀ 5 ಮೈಕ್ರೋಸೆಕೆಂಡ್!" ಜೊತೆಗೆ ಒಂದು ಸ್ಕ್ರೀನ್‌ಶಾಟ್. ಸಿಎನ್‌ಸಿ ಯಂತ್ರ ಕಟ್ಟುವವರ ಅಥವಾ ಬಾಗಿಲು, ದೇವರಮನೆಗೆ ಮರದ ಕೆತ್ತನೆ ಮಾಡಿಕೊಡುವವರ ವಾಟ್ಸಾಪ್ ಗುಂಪಿನಲ್ಲಿ ನೀವಿದ್ದರೆ ಇಂಥದ್ದು ಬಂದಿರಬಹುದು. "ಹಳೇ ಕಂಪ್ಯೂಟರ್ ಬಿಸಾಕಿ, ಹೊಸ ಪ್ರೊಸೆಸರ್ ಹಾಕಿ, ಎಲ್ಲ ಸರಿಹೋಗುತ್ತೆ" ಎಂಬ ಸಲಹೆಯೂ ಬಂದಿರಬಹುದು. ಎರಡೂ ಅರ್ಧ ಸತ್ಯ. ಇವನ್ನು ಪೂರ್ತಿ ನಂಬಿದವರು ಕಳೆದುಕೊಳ್ಳುವುದು ದುಬಾರಿ ತೇಗದ ಹಲಗೆಯನ್ನು.

ಇಲ್ಲಿ ಲೇಟೆನ್ಸಿ ಎಂದರೆ ಇಂಟರ್ನೆಟ್ ನಿಧಾನವಾಗುವುದಲ್ಲ. ಒಂದು ಕೆಲಸವನ್ನು ಇಂಥ ಕ್ಷಣಕ್ಕೇ ಮಾಡಬೇಕು ಎಂದು ನಿಗದಿಯಾಗಿರುವಾಗ, ಕಂಪ್ಯೂಟರ್ ಅದನ್ನು ಎಷ್ಟು ತಡವಾಗಿ ಮಾಡಿತು ಎಂಬ ಲೆಕ್ಕ. ಒಂದು ಉದಾಹರಣೆ ನೋಡಿ. ಸಾಮಾನ್ಯ ಸ್ಟೆಪ್ಪರ್ ಮೋಟಾರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್‌ನಲ್ಲಿ ಪ್ರತಿ ಹೆಜ್ಜೆಯನ್ನು 8 ಭಾಗ ಮಾಡಿದರೆ ಸುತ್ತಿಗೆ 1600 ಪಲ್ಸ್ ಬೇಕು. ಒಂದು ಸುತ್ತಿಗೆ 5 ಮಿ.ಮೀ. ಸಾಗುವ ಸ್ಕ್ರೂ ಇದ್ದರೆ ಪ್ರತಿ ಮಿ.ಮೀ.ಗೆ 320 ಪಲ್ಸ್. ಯಂತ್ರ ನಿಮಿಷಕ್ಕೆ 3 ಮೀಟರ್ ಓಡಬೇಕೆಂದರೆ ಕಂಪ್ಯೂಟರ್ ಸೆಕೆಂಡಿಗೆ 16,000 ಪಲ್ಸ್ ಕಳಿಸಬೇಕು. ಅಂದರೆ ಎರಡು ಪಲ್ಸ್‌ಗಳ ನಡುವಿನ ಅಂತರ 62.5 ಮೈಕ್ರೋಸೆಕೆಂಡ್ ಮಾತ್ರ. (ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವೇ ಮೈಕ್ರೋಸೆಕೆಂಡ್.)

ಈ ನಡುವೆ ಕಂಪ್ಯೂಟರ್ ಒಮ್ಮೆ 200 ಮೈಕ್ರೋಸೆಕೆಂಡ್ ಬೇರೆಲ್ಲೋ ಗಮನ ಕೊಟ್ಟರೆ? ವೇಗವಾಗಿ ತಿರುಗುತ್ತಿದ್ದ ಮೋಟಾರಿನ ತಾಳ ತಪ್ಪುತ್ತದೆ. ಮೋಟಾರ್ ಕೆಲವು ಸ್ಟೆಪ್ ಬಿಟ್ಟುಬಿಡಬಹುದು, ನಿಂತೇ ಬಿಡಲೂಬಹುದು. ಸಣ್ಣ ಯಂತ್ರಗಳಲ್ಲಿ ಎನ್‌ಕೋಡರ್ ಇಲ್ಲದಿರುವುದೇ ಹೆಚ್ಚು, ಹಾಗಾಗಿ ಸ್ಟೆಪ್ ತಪ್ಪಿದ್ದು ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಅದು ತನ್ನ ಪಾಡಿಗೆ ಮುಂದಿನ ಗೆರೆ ಕೊರೆಯುತ್ತದೆ. ಅಲ್ಲಿಂದಾಚೆಯ ಕೆತ್ತನೆಯೆಲ್ಲ ಒಂದು ಪಕ್ಕಕ್ಕೆ ಸರಿದಿರುತ್ತದೆ.

ಆದ್ದರಿಂದ ಇಲ್ಲಿ ಸರಾಸರಿ ಲೆಕ್ಕ ಕೆಲಸಕ್ಕೆ ಬಾರದು. ರೈಲ್ವೆ ಗೇಟ್‌ಮನ್ ಸರಾಸರಿ ಎಷ್ಟು ಬೇಗ ಗೇಟು ಹಾಕುತ್ತಾನೆ ಎಂದು ನಾವು ಕೇಳುತ್ತೇವೆಯೇ? ಒಂದು ದಿನ, ಒಂದೇ ಸಲ ತಡವಾದರೆ ಸಾಕು. ಲೇಟೆನ್ಸಿ ಪರೀಕ್ಷೆಯಲ್ಲೂ ನೋಡಬೇಕಾದದ್ದು ಅತಿ ಕೆಟ್ಟ ಸಂಖ್ಯೆಯನ್ನೇ.

ಈ ಪರೀಕ್ಷೆ ಲಿನಕ್ಸ್‌ಸಿಎನ್‌ಸಿ ಎಂಬ ಉಚಿತ ತಂತ್ರಾಂಶದ ಜೊತೆಗೇ ಬರುತ್ತದೆ. (ಇದರ ಮೂಲ 1990ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ ಬೆಳೆಸಿದ ತಂತ್ರಾಂಶ.) ಅದರ ಕೈಪಿಡಿ ಹೇಳುವಂತೆ, ಕಂಪ್ಯೂಟರೇ ನೇರವಾಗಿ ಪಲ್ಸ್ ಕಳಿಸುವುದಾದರೆ 'ಮ್ಯಾಕ್ಸ್ ಜಿಟರ್' 15-20 ಮೈಕ್ರೋಸೆಕೆಂಡಿನ ಒಳಗಿದ್ದರೆ ತುಂಬಾ ಒಳ್ಳೆಯದು. 30-50 ಇದ್ದರೆ ನಡೆಯುತ್ತದೆ, ಆದರೆ ವೇಗ ಕಡಿಮೆ ಇಟ್ಟುಕೊಳ್ಳಬೇಕಾಗಬಹುದು. 100 ದಾಟಿದರೆ ಆ ಕಂಪ್ಯೂಟರ್ ಇಂಥ ಕೆಲಸಕ್ಕೆ ತಕ್ಕದ್ದಲ್ಲ. ಪರದೆಯ ಮೇಲೆ ಸಂಖ್ಯೆ ನ್ಯಾನೋಸೆಕೆಂಡಿನಲ್ಲಿ ಇರುತ್ತದೆ ಎಂಬುದು ನೆನಪಿರಲಿ. 15000 ಎಂದು ನೋಡಿ ಗಾಬರಿಯಾಗಬೇಡಿ, ಅದು 15 ಮೈಕ್ರೋಸೆಕೆಂಡ್ ಅಷ್ಟೇ.

ಈಗ ಸ್ಕ್ರೀನ್‌ಶಾಟ್ ವಿಷಯಕ್ಕೆ ಬರೋಣ. ಕಂಪ್ಯೂಟರ್ ಸುಮ್ಮನೆ ಕೂತಿರುವಾಗ ಒಂದು ನಿಮಿಷ ಪರೀಕ್ಷೆ ಓಡಿಸಿದರೆ ಹೆಚ್ಚುಕಡಿಮೆ ಎಲ್ಲ ಯಂತ್ರವೂ ಒಳ್ಳೆಯದಾಗಿಯೇ ಕಾಣುತ್ತದೆ. ಪರೀಕ್ಷೆಯ ವೇಳೆ ಕಂಪ್ಯೂಟರಿಗೆ ಬೇಕೆಂದೇ ಕಾಟ ಕೊಡಬೇಕು. ದೊಡ್ಡ ಫೈಲ್ ಕಾಪಿ ಮಾಡಿ, ಹಾಡು ಹಾಕಿ, ಕಿಟಕಿಗಳನ್ನು ಪರದೆ ತುಂಬಾ ಎಳೆದಾಡಿ, ಬ್ರೌಸರ್ ತೆರೆಯಿರಿ. ಆಗ ಮಾತ್ರ ಬೇಡದ ಸಂಖ್ಯೆ ಹೊರಬರುತ್ತದೆ. ಆ ಹೊತ್ತಿನಲ್ಲಿ ಯಂತ್ರ ನಡೆಸುವ ಪ್ರೋಗ್ರಾಂ ಮಾತ್ರ ಮುಚ್ಚಿರಲಿ.

ಹೊಸ, ವೇಗದ ಕಂಪ್ಯೂಟರ್ ಇದರಲ್ಲಿ ಹಳೆಯದಕ್ಕಿಂತ ಹಿಂದೆ ಬೀಳುವುದೂ ಉಂಟು. ವಿದ್ಯುತ್ ಉಳಿಸಲು ಪ್ರೊಸೆಸರ್ ನಡುನಡುವೆ ತೂಕಡಿಸುತ್ತದೆ, ಎಬ್ಬಿಸಲು ಹೊತ್ತು ಬೇಕು. ಗ್ರಾಫಿಕ್ಸ್ ಅಡ್ಡಬರಬಹುದು. ಎಲ್ಲಕ್ಕಿಂತ ತಲೆನೋವಿನದು ಎಸ್‌ಎಂಐ. ಬಿಸಿ, ಫ್ಯಾನ್, ವಿದ್ಯುತ್ ನಿರ್ವಹಣೆಯಂಥ ಕೆಲಸಕ್ಕಾಗಿ ಮದರ್‌ಬೋರ್ಡ್ ಆಪರೇಟಿಂಗ್ ಸಿಸ್ಟಮ್ಮಿಗೂ ಹೇಳದೆ ಪ್ರೊಸೆಸರನ್ನು ಕ್ಷಣಕಾಲ ಕಸಿದುಕೊಳ್ಳುತ್ತದೆ. ಹೀಗಾಗಿ ಬಯೋಸ್ ಆವೃತ್ತಿ ಅಥವಾ ಸೆಟ್ಟಿಂಗ್ ಬೇರೆಯಾದರೆ ಅದೇ ಮಾಡೆಲ್ ಬೇರೆ ಫಲಿತಾಂಶ ಕೊಡಬಹುದು.

ಹಾಗೆಂದು ಫಲಿತಾಂಶ ಹಂಚಿಕೊಳ್ಳುವುದೇ ತಪ್ಪಲ್ಲ, ಕೊಳ್ಳುವ ಮುಂಚೆ ಬೇರೆಯವರ ಅನುಭವ ಬಿಟ್ಟರೆ ನಮಗಿರುವ ದಾರಿ ಕಡಿಮೆ. ಜರ್ಮನಿಯ ಒಸಾಡಲ್ ಸಂಸ್ಥೆ ಬಗೆಬಗೆಯ ಕಂಪ್ಯೂಟರುಗಳನ್ನು ಸಾಲಾಗಿ ಇಟ್ಟು ಇದೇ ಕೆಲಸ ಮಾಡುತ್ತದೆ. 200 ಮೈಕ್ರೋಸೆಕೆಂಡಿಗೊಮ್ಮೆ ಎಚ್ಚರಿಸಿ ಒಟ್ಟು 10 ಕೋಟಿ ಸಲ ಅಳೆಯುತ್ತಾರೆ. ಅದಕ್ಕೆ ಸುಮಾರು ಐದೂವರೆ ಗಂಟೆ ಬೇಕು. ಫಲಿತಾಂಶದ ಜೊತೆ ಪ್ರೊಸೆಸರ್, ಬೋರ್ಡ್, ಕರ್ನಲ್ ವಿವರವನ್ನೂ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಒಂದು ನಿಮಿಷದ ಸ್ಕ್ರೀನ್‌ಶಾಟಿಗೂ ಇದಕ್ಕೂ ಎಲ್ಲಿಯ ಹೋಲಿಕೆ! ನಿಮ್ಮ ಗುಂಪಿನಲ್ಲಿ ಯಾರಾದರೂ ಸಂಖ್ಯೆ ಹಾಕಿದರೆ ಎಷ್ಟು ಹೊತ್ತು ಓಡಿಸಿದಿರಿ, ಏನು ಕೆಲಸ ಕೊಟ್ಟಿದ್ದಿರಿ, ಯಾವ ಕರ್ನಲ್, ಯಾವ ಬಯೋಸ್ ಎಂದು ಕೇಳಿ. ಉತ್ತರವಿಲ್ಲದ ಸಂಖ್ಯೆಯನ್ನು ಫಾರ್ವರ್ಡ್ ಮಾಡಬೇಡಿ.

ಇನ್ನೊಂದು ವಿಷಯ. ಪಲ್ಸ್ ಕಳಿಸುವ ಕೆಲಸವನ್ನು ಪ್ರತ್ಯೇಕ ಕಾರ್ಡಿಗೆ ಒಪ್ಪಿಸಿದ್ದರೆ ಕಂಪ್ಯೂಟರ್ ಸಾಮಾನ್ಯವಾಗಿ 1 ಮಿಲಿಸೆಕೆಂಡಿಗೊಮ್ಮೆ ಲೆಕ್ಕ ಕೊಟ್ಟರೆ ಸಾಕು. ಆಗ 5 ಮೈಕ್ರೋಸೆಕೆಂಡಿಗೂ 50ಕ್ಕೂ ಅಂಥ ವ್ಯತ್ಯಾಸವೇನೂ ಇಲ್ಲ. ಹಾಗೆಯೇ ಕೆತ್ತನೆ ಸರಿದಿದ್ದಕ್ಕೆಲ್ಲ ಲೇಟೆನ್ಸಿಯೇ ಕಾರಣ ಎಂದು ಹೊಸ ಮದರ್‌ಬೋರ್ಡ್ ತರಲು ಹೊರಡಬೇಡಿ. ಮೋಟಾರ್ ಕಪ್ಲಿಂಗ್‌ನ ಸ್ಕ್ರೂ ಸಡಿಲವಾದರೂ ಕೆಲಸ ಹೀಗೆಯೇ ಕೆಡುತ್ತದೆ. ಮೊದಲು ಅಲೆನ್ ಕೀ ತಗೊಂಡು ಅದನ್ನು ಬಿಗಿ ಮಾಡಿ ನೋಡಿ.