ಬಾಡಿಗೆ ಬಂತು, ಲೆಕ್ಕ ಎಲ್ಲಿ?

ತೊಗರಿ ಮಾರಿ, ದ್ರಾಕ್ಷಿ ಮಾರಿ, ಬಜಾರಿನಲ್ಲಿ ಅಂಗಡಿ ನಡೆಸಿ ಮಕ್ಕಳನ್ನು ಓದಿಸಿದ ಗಡಿಭಾಗದ ಎಷ್ಟೋ ಮನೆಗಳಲ್ಲಿ ಇಂದು ಮಗನೋ ಮಗಳೋ ನೌಕರಿ ಹಿಡಿದಿದ್ದಾರೆ. ಸೊಲ್ಲಾಪುರದಲ್ಲೋ ಹೊಸೂರಿನಲ್ಲೋ ಸಾಲ ತೆಗೆದು ಒಂದು ಮನೆ ಕಟ್ಟಿಸುತ್ತಾರೆ. ಗೃಹಪ್ರವೇಶದ ತೋರಣ ಒಣಗುವ ಮೊದಲೇ ಬೇರೆ ಊರಿಗೆ ವರ್ಗವಾಗುತ್ತದೆ. ಖಾಲಿ ಮನೆಗೆ ಬಾಡಿಗೆದಾರರು ಬರುತ್ತಾರೆ, ತಿಂಗಳಿಗೆ ಹತ್ತು-ಹನ್ನೆರಡು ಸಾವಿರ ರೂಪಾಯಿ ಬ್ಯಾಂಕ್ ಖಾತೆಗೆ ಬಂದು ಬೀಳುತ್ತದೆ. ಆಗ ಹೊರಡುವ ಮಾತು ಒಂದೇ: "ಪಗಾರದಾಗ ಆಫೀಸಿನವರೇ ಟ್ಯಾಕ್ಸ್ ಹಿಡೀತಾರ, ಮತ್ತ ಇದರ ಲೆಕ್ಕ ಯಾರಿಗೆ ಕೊಡೋದ್ರಿ?"

ಲೆಕ್ಕ ಕೊಡಲೇಬೇಕು. ಆದರೆ ಹೆದರಿಕೆ ಇರುವಷ್ಟು ತೆರಿಗೆ ಇರುವುದಿಲ್ಲ ಎಂಬುದನ್ನೂ ಇಂದು ಹೇಳಬೇಕಾಗಿದೆ. ನಮ್ಮ ಜನ ಬಾಡಿಗೆಯನ್ನು ಬಚ್ಚಿಡುವುದು ದುರಾಸೆಯಿಂದ ಅಲ್ಲ, ಬಹುಮಟ್ಟಿಗೆ ಲೆಕ್ಕ ಗೊತ್ತಿಲ್ಲದೆ.

ಮೊದಲು ಲೆಕ್ಕವನ್ನೇ ನೋಡೋಣ. ತಿಂಗಳಿಗೆ 12,000 ರೂಪಾಯಿ ಬಾಡಿಗೆ ಎಂದರೆ ವರ್ಷಕ್ಕೆ 1,44,000. ಇಷ್ಟೂ ಹಣಕ್ಕೆ ತೆರಿಗೆ ಬೀಳುವುದಿಲ್ಲ. ಮಾಲೀಕ ಆ ವರ್ಷ ತಾನೇ ಕಟ್ಟಿದ ಮನೆ ತೆರಿಗೆಯನ್ನು ಮೊದಲು ಕಳೆಯಬೇಕು. ಅದು 4,000 ಎಂದಿಟ್ಟುಕೊಂಡರೆ ಉಳಿದದ್ದು 1,40,000. ಇದರಲ್ಲಿ ನೂರಕ್ಕೆ 30ರಷ್ಟನ್ನು, ಅಂದರೆ 42,000 ರೂಪಾಯಿಯನ್ನು, ರಿಪೇರಿ-ನಿಗಾದ ಬಾಬ್ತು ಕಾನೂನೇ ಬಿಟ್ಟುಕೊಡುತ್ತದೆ. ಸುಣ್ಣ ಬಳಿಸಿದ್ದಕ್ಕೆ, ನಲ್ಲಿ ಹಾಕಿಸಿದ್ದಕ್ಕೆ ಬಿಲ್ಲು ತೋರಿಸಬೇಕಿಲ್ಲ. ಒಂದು ಪೈಸೆ ಖರ್ಚಾಗದಿದ್ದರೂ ಈ 30 ಸಿಗುತ್ತದೆ. ಲಕ್ಷ ಖರ್ಚಾದರೂ ಇಷ್ಟೇ. ಉಳಿದದ್ದು 98,000. ಮನೆ ಸಾಲವಿದ್ದು ಆ ವರ್ಷದ ಬಡ್ಡಿ 50,000 ಆಗಿದ್ದರೆ ಅದನ್ನೂ ಕಳೆಯಬಹುದು. ಕೊನೆಗೆ ಪಗಾರಕ್ಕೆ ಸೇರುವುದು ಬರೀ 48,000. ಕಂತಿನಲ್ಲಿರುವ ಅಸಲು ಮಾತ್ರ ಈ ಲೆಕ್ಕದಲ್ಲಿ ಬರುವುದಿಲ್ಲ.

ಇನ್ನು ತೆರಿಗೆ ಎಷ್ಟು? 2025-26ರ ಹಣಕಾಸು ವರ್ಷದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆ ಶೂನ್ಯವಾಗುತ್ತದೆ. ಪಗಾರದಾರರಿಗೆ ಇದರ ಮೇಲೆ 75,000 ರೂಪಾಯಿಯ ಕಡಿತವೂ ಉಂಟು. ವರ್ಷಕ್ಕೆ ಹನ್ನೊಂದೂವರೆ ಲಕ್ಷ ಪಗಾರದ ಮೇಷ್ಟ್ರೊಬ್ಬರು ಸಾಲವಿಲ್ಲದ ಮನೆಯ ಆ 98,000 ರೂಪಾಯಿಯನ್ನು ಪೂರ್ತಿ ತೋರಿಸಿದರೂ ಒಟ್ಟು ಆದಾಯ 11,73,000 ಆಗುತ್ತದೆ. ತೆರಿಗೆ ಒಂದು ರೂಪಾಯಿಯೂ ಇಲ್ಲ! ಏನೂ ಕಟ್ಟಬೇಕಿಲ್ಲದ ತೆರಿಗೆಗೆ ಹೆದರಿ ಆದಾಯ ಮುಚ್ಚಿಡುವುದಕ್ಕೆ ಏನೆನ್ನಬೇಕು? ತೆರಿಗೆ ಇಲ್ಲ ಎಂದ ಮಾತ್ರಕ್ಕೆ ರಿಟರ್ನ್ ಬೇಡ ಎಂದಲ್ಲ, ಅದನ್ನು ಸಲ್ಲಿಸಲೇಬೇಕು.

14 ಲಕ್ಷ ಪಗಾರದವರಾದರೆ ಅದೇ 98,000ಕ್ಕೆ ನೂರಕ್ಕೆ 15ರಂತೆ 14,700, ಅದರ ಮೇಲೆ ಸೆಸ್ ಸೇರಿ 15,288 ರೂಪಾಯಿ. ಒಂದೂಕಾಲು ತಿಂಗಳ ಬಾಡಿಗೆ. ಭಾರವೇ ಸರಿ, ಮನೆ ಮುಳುಗುವಂಥದ್ದಲ್ಲ. ಆದರೆ ಇಲ್ಲೊಂದು ಎಚ್ಚರಿಕೆ. ಪಗಾರದಲ್ಲಿ ಹಿಡಿದದ್ದು ಬಿಟ್ಟು ಇನ್ನೂ 10,000 ಅಥವಾ ಹೆಚ್ಚು ತೆರಿಗೆ ಉಳಿಯುವಂತಿದ್ದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರೊಳಗೆ ಮುಂಗಡ ತೆರಿಗೆ ಕಟ್ಟುತ್ತಾ ಹೋಗಬೇಕು, ಇಲ್ಲವಾದರೆ ಬಡ್ಡಿ ಬೀಳುತ್ತದೆ. ಈ ತಲೆನೋವು ಬೇಡವೆಂದರೆ ಸುಲಭದ ದಾರಿ ಇದೆ: ಬಾಡಿಗೆ ಆದಾಯದ ವಿವರವನ್ನು ಆಫೀಸಿಗೇ ಬರೆದುಕೊಟ್ಟರೆ ಪಗಾರದಲ್ಲೇ ಸ್ವಲ್ಪ ಸ್ವಲ್ಪ ಹಿಡಿಯುತ್ತಾರೆ.

"ಯಾರಿಗೆ ಗೊತ್ತಾಗ್ತದ ಬಿಡ್ರಿ" ಎನ್ನುವವರಿಗೆ ಒಂದು ಮಾತು. ನಿಮ್ಮ ಬಾಡಿಗೆದಾರ ಕೂಡ ನೌಕರನೇ ಆಗಿದ್ದು, ಹಳೆಯ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳಿದರೆ, ವರ್ಷದ ಬಾಡಿಗೆ 1 ಲಕ್ಷ ಮೀರಿದಾಗ ಮಾಲೀಕರ ಪ್ಯಾನ್ ನಂಬರನ್ನು ತನ್ನ ಆಫೀಸಿಗೆ ಕೊಡಬೇಕು. ಅವನು ತನ್ನ ತೆರಿಗೆ ಉಳಿಸಲು ಬರೆದ ಕಾಗದವೇ ನಿಮ್ಮ ಬಾಡಿಗೆಗೆ ಸಾಕ್ಷಿ. ಪೇಟೆಯ ಮಳಿಗೆಯನ್ನು ಬ್ಯಾಂಕಿಗೋ ಕಂಪನಿಗೋ ಕೊಟ್ಟಿದ್ದು, ಬಾಡಿಗೆ ತಿಂಗಳಿಗೆ 50,000 ಮೀರಿದರೆ ಅವರು ನೂರಕ್ಕೆ 10ರಂತೆ ಮುರಿದುಕೊಂಡು ನಿಮ್ಮ ಪ್ಯಾನ್ ಹೆಸರಿಗೆ ಜಮಾ ಮಾಡುತ್ತಾರೆ. ಹೀಗೆ ಮುರಿದದ್ದೆಲ್ಲ ಇಲಾಖೆಯ ಫಾರ್ಮ್ 26ಎಎಸ್‌ನಲ್ಲಿ ಮತ್ತು 2021ರಿಂದ ಬಂದಿರುವ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣುತ್ತದೆ. ರಿಟರ್ನ್ ತುಂಬುವ ಮೊದಲು ಅದನ್ನು ತೆಗೆದು ನೋಡುವುದು ಜಾಣತನ. ಕಡಿಮೆ ತೋರಿಸಿದ್ದು ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆಯ ಅರ್ಧದಷ್ಟು ದಂಡ. ಸುಳ್ಳು ತೋರಿಸಿದ್ದಾದರೆ ಎರಡು ಪಟ್ಟು.

ರೈತ ಕುಟುಂಬಗಳಲ್ಲಿ ಇನ್ನೊಂದು ಗೊಂದಲ. ಹೊಲವನ್ನು ಗುತ್ತಿಗೆಗೆ, ಲಾವಣಿಗೆ ಕೊಟ್ಟು ಬಂದ ಹಣ ಕೃಷಿ ಆದಾಯ. ಅದಕ್ಕೆ ಆದಾಯ ತೆರಿಗೆ ಇಲ್ಲ. ಅದೇ ನಂಬಿಕೆಯಲ್ಲಿ "ಹೊಲದ ದುಡ್ಡಿನಾಗ ಕಟ್ಟಿದ ಮನಿ, ಇದಕ್ಕೂ ಟ್ಯಾಕ್ಸ್ ಇಲ್ಲ" ಎನ್ನುವವರಿದ್ದಾರೆ. ಇದು ತಪ್ಪು. ಯಾವ ದುಡ್ಡಿನಿಂದ ಕಟ್ಟಿದರೂ ಪೇಟೆಯ ಮನೆಯ ಬಾಡಿಗೆ ಕೃಷಿ ಆದಾಯವಾಗದು. ಇದರ ಜೊತೆಗೆ, ನೌಕರನ ಹೆಸರಿನಲ್ಲಿ 5,000 ರೂಪಾಯಿಗಿಂತ ಹೆಚ್ಚು ಕೃಷಿ ಆದಾಯವಿದ್ದರೆ ಸಹಜ್ ಎಂಬ ಸರಳ ನಮೂನೆ 1 ನಡೆಯುವುದಿಲ್ಲ. ಬೇರೆ ವ್ಯಾಪಾರವಿಲ್ಲದವರು ನಮೂನೆ 2 ತುಂಬಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಉಳಿದ ಆದಾಯದ ದರ ಗೊತ್ತುಮಾಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.

ಇನ್ನು ಹೆಸರಿನ ಪ್ರಶ್ನೆ. ಬಾಡಿಗೆ ಯಾರ ಖಾತೆಗೆ ಬಿತ್ತು ಎಂಬುದಕ್ಕಿಂತ ಮನೆ ಯಾರದು ಎಂಬುದು ಮುಖ್ಯ. ತಂದೆಯ ಮನೆಯ ಬಾಡಿಗೆ ಮಗನ ಖಾತೆಗೆ ಬಂದರೂ ಆದಾಯ ತಂದೆಯದೇ. ಅಣ್ಣ-ತಮ್ಮಂದಿರು ಪಾಲು ಗೊತ್ತುಮಾಡಿಕೊಂಡು ಜಂಟಿಯಾಗಿ ಕಟ್ಟಿದ್ದರೆ ಅವರವರ ಪಾಲನ್ನು ಅವರವರೇ ತೋರಿಸಬೇಕು. ತನ್ನ ಮನೆಯನ್ನು ಹೆಂಡತಿ ಹೆಸರಿಗೆ ಸುಮ್ಮನೆ ಬರೆದುಕೊಟ್ಟರೂ ಬಾಡಿಗೆ ಗಂಡನ ಲೆಕ್ಕಕ್ಕೇ ಬರುತ್ತದೆ. ಬಾಡಿಗೆದಾರನಿಂದ ಪಡೆದು, ಬಿಡುವಾಗ ತಿರುಗಿ ಕೊಡಬೇಕಾದ ಠೇವಣಿ ಮಾತ್ರ ಆದಾಯವಲ್ಲ.

ಸಾಲದ ಬಡ್ಡಿ ಬಾಡಿಗೆಗಿಂತ ಹೆಚ್ಚಾಗುವವರು ಎರಡೂ ಪದ್ಧತಿ ತೂಗಿ ನೋಡಬೇಕು. ಹಳೆಯ ಪದ್ಧತಿಯಲ್ಲಿ ಆ ನಷ್ಟವನ್ನು ವರ್ಷಕ್ಕೆ 2 ಲಕ್ಷದವರೆಗೆ ಪಗಾರದ ಆದಾಯದಲ್ಲಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಬಡ್ಡಿಯನ್ನು ಬಾಡಿಗೆಯಲ್ಲಿ ಕಳೆಯಬಹುದೇ ಹೊರತು ನಷ್ಟವನ್ನು ಪಗಾರಕ್ಕೆ ಹೊಂದಿಸುವಂತಿಲ್ಲ. ಬಹಳ ಜನ ಎಡವುವುದು ಇಲ್ಲೇ.

ಗಡಿಯ ಜನಕ್ಕೆ ಒಂದು ಅನುಕೂಲವೂ ಒಂದು ತೊಡಕೂ ಇದೆ. ಆದಾಯ ತೆರಿಗೆ ಕೇಂದ್ರದ್ದು. ನೌಕರಿ ಬೆಳಗಾವಿಯಲ್ಲಿದ್ದು ಮನೆ ಸೊಲ್ಲಾಪುರದಲ್ಲಿದ್ದರೂ ಪ್ಯಾನ್ ಒಂದೇ, ರಿಟರ್ನ್ ಒಂದೇ. ಆದರೆ ಮನೆ ತೆರಿಗೆ ಆಯಾ ಊರಿನದು. ಅಕ್ಕಲಕೋಟೆಯಲ್ಲಿ ಅದು ಘರಪಟ್ಟಿ, ಹೊಸೂರಿನಲ್ಲಿ ವೀಟ್ಟು ವರಿ, ಆದೋನಿಯಲ್ಲಿ ಇಂಟಿ ಪನ್ನು, ಕಾಸರಗೋಡಿನಲ್ಲಿ ಕೆಟ್ಟಿಡ ನಿಕುದಿ. ರಸೀದಿ ಯಾವ ಲಿಪಿಯಲ್ಲಿದ್ದರೂ ಅದು ದುಡ್ಡಿನ ಕಾಗದ, ಹರಿದು ಎಸೆಯಬಾರದು. ಅದೂ ಮಾಲೀಕನೇ ಕಟ್ಟಿರಬೇಕು. ಬಾಡಿಗೆದಾರ ಕಟ್ಟಿದ್ದು ಲೆಕ್ಕಕ್ಕೆ ಬಾರದು. ಹಳೆಯ ಬಾಕಿಯನ್ನು ಈ ವರ್ಷ ತೀರಿಸಿದ್ದರೆ ಈ ವರ್ಷವೇ ಕಳೆಯಬಹುದು. ಬಾಡಿಗೆ ಕರಾರು, ಮನೆ ತೆರಿಗೆ ರಸೀದಿ, ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟು ಈ ಮೂರನ್ನು ಒಂದು ಚೀಲದಲ್ಲಿ ಕಟ್ಟಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಹಿಂದಿನ ವರ್ಷಗಳಲ್ಲಿ ಬಿಟ್ಟುಹೋಗಿದೆ ಎನ್ನುವವರೂ ಕೈಚೆಲ್ಲಬೇಕಿಲ್ಲ. ಸಂಬಂಧಿಸಿದ ತೆರಿಗೆ ನಿರ್ಧಾರಣಾ ವರ್ಷ ಮುಗಿದ ನಂತರ ನಾಲ್ಕು ವರ್ಷಗಳವರೆಗೆ ಅಪ್‌ಡೇಟೆಡ್ ರಿಟರ್ನ್ ಸಲ್ಲಿಸಲು 2025ರಿಂದ ಅವಕಾಶವಿದೆ. ಬಾಕಿ ತೆರಿಗೆ ಮತ್ತು ಬಡ್ಡಿಯ ಮೇಲೆ ಮೊದಲ ವರ್ಷ ನೂರಕ್ಕೆ 25, ಆಮೇಲೆ 50, 60, 70 ಎಂದು ಹೆಚ್ಚುವರಿ ಏರುತ್ತ ಹೋಗುತ್ತದೆ. ತಡ ಮಾಡಿದಷ್ಟೂ ಗಂಟು ದೊಡ್ಡದು.

ಇದರಲ್ಲಿ ಸಂಘಗಳ ಪಾಲೂ ಇದೆ. ಗಡಿಯೂರುಗಳ ಕನ್ನಡ ಸಂಘಗಳು, ಶಿಕ್ಷಕರ ಸಂಘಗಳು, ವ್ಯಾಪಾರಿ ಮಂಡಳಿಗಳು ಜೂನ್ ತಿಂಗಳ ಒಂದು ಭಾನುವಾರ ತಿಳಿದ ಲೆಕ್ಕಿಗರೊಬ್ಬರನ್ನು ಕೂರಿಸಿ ಕನ್ನಡದಲ್ಲೇ ಈ ಲೆಕ್ಕ ಹೇಳಿಸಲಿ. ನಾಳೆ ಅಂಗಡಿ ಬೆಳೆಸಲು, ಮಕ್ಕಳ ಓದಿಗೆ ಸಾಲ ಕೇಳಿ ಬ್ಯಾಂಕಿಗೆ ಹೋದಾಗ ಮ್ಯಾನೇಜರು ಕೇಳುವುದು ರಿಟರ್ನಿನ ಪ್ರತಿಯನ್ನೇ. ಅಲ್ಲಿ ಬಚ್ಚಿಟ್ಟ ಬಾಡಿಗೆ ಬಾಯಿ ಬಿಡುವುದಿಲ್ಲ, ಬರೆದಿಟ್ಟ ಬಾಡಿಗೆಯೇ ನಿಮ್ಮ ಪರವಾಗಿ ಮಾತಾಡಬೇಕು.